ಡಿಸೆಂಬರ್ ಪುಟದ ಮಂದಿ

ಪುಣೆಯ ಒಂದು ಮರಾಠಿ ದಿನಪತ್ರಿಕೆಯಲ್ಲಿ ನಾನು ಮೂವತ್ತು ವರ್ಷ ಕೆಲಸ ಮಾಡಿದೆ. ವರದಿಗಾರಳಾಗಿ ಅಲ್ಲ, ಫೋಟೋ ತೆಗೆಯುವವಳಾಗಿಯೂ ಅಲ್ಲ. ಬೇರೆಯವರು ತೆಗೆದ ಫೋಟೋಗಳನ್ನು ಜೋಪಾನವಾಗಿ ಇಡುವುದು, ಕೇಳಿದಾಗ ಹುಡುಕಿ ಕೊಡುವುದು, ಅವುಗಳ ಕೆಳಗೆ ಎರಡು ಸಾಲು ಅಡಿಬರಹ ಬರೆಯುವುದು ನನ್ನ ಕೆಲಸ. ಹುದ್ದೆಯ ಹೆಸರು ನಾಲ್ಕು ಸಲ ಬದಲಾಯಿತು. ಮೇಜು ಬದಲಾಗಲಿಲ್ಲ, ಆದ್ದರಿಂದ ಬಡ್ತಿಗಳ ಕಥೆ ಇಲ್ಲಿ ಬೇಡ.

ವರ್ಷಕ್ಕೆ ಒಂದು ಸಲ ಮಾತ್ರ ನನ್ನ ಕೈಗೆ ಇಡೀ ಒಂದು ಪುಟ ಬರುತ್ತಿತ್ತು. ಡಿಸೆಂಬರ್ ಕೊನೆಯ ದಿನ ಪ್ರಕಟವಾಗುವ, ಆ ವರ್ಷ ಜನರ ಮನಸ್ಸಿನಲ್ಲಿ ಉಳಿದ ಗಳಿಗೆಗಳ ಪುಟ. ಯಾವ ನಟಿಯ ಮದುವೆ, ಯಾವ ಆಟಗಾರನ ಶತಕ, ಯಾರ ಗೆಲುವು, ಯಾರ ಸೋಲು, ಯಾರು ಬಂದರು, ಯಾರು ಹೋದರು. ಈಗ ಅಂಥ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, "ಆಗ ಹೇಗೆ ಆರಿಸುತ್ತಿದ್ದಿರಿ?" ಎಂದು ಕೇಳುತ್ತಾರೆ. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲವೆಂದು ಬರೆಯಲು ಕೂತಿದ್ದೇನೆ.

ನಾನು ಧಾರವಾಡದವಳು. ಮದುವೆಯಾಗಿ ಪುಣೆಗೆ ಬಂದಾಗ ನನ್ನ ಮರಾಠಿ ತರಕಾರಿ ಕೊಳ್ಳುವಷ್ಟಿತ್ತು, ಅಡಿಬರಹ ಬರೆಯುವಷ್ಟಿರಲಿಲ್ಲ. ಶಿವಾಜಿನಗರದ ನಮ್ಮ ಕಚೇರಿಯಲ್ಲಿ ಮೊದಲು ಸಿಕ್ಕ ಕೆಲಸಕ್ಕೆ ಕತ್ತರಿ, ಗೋಂದು ಸಾಕಾಗಿದ್ದವು: ಸುದ್ದಿಗಳನ್ನು ಕತ್ತರಿಸಿ ಅಂಟಿಸುವುದು. ಅದನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದೆನೆಂದು ಸುದ್ದಿ ಸಂಪಾದಕರಾದ ಆಪಟೆ ಸಾಹೇಬರು ಫೋಟೋಗಳ ಮೇಜಿಗೆ ಕೂರಿಸಿದರು. ಸಾಹೇಬರು ಸಣ್ಣ ದೇಹದವರು, ಬಿಳಿ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಸದಾ ಎರಡು ಕೆಂಪು ಪೆನ್ನು. ಕಚೇರಿಯ ಮಾತೆಲ್ಲ ಮರಾಠಿಯಲ್ಲೇ ನಡೆಯುತ್ತಿತ್ತು. ನನ್ನ ತಲೆಯೊಳಗೆ ಅದು ಹೇಗೆ ಕನ್ನಡವಾಗುತ್ತಿತ್ತೋ ಹಾಗೆ ಇಲ್ಲಿ ಬರೆಯುತ್ತೇನೆ.

ನಾನು ಬರೆದ ಮೊದಲ ಅಡಿಬರಹ ಒಬ್ಬ ದೊಡ್ಡ ನಟಿ ವಿಮಾನ ನಿಲ್ದಾಣಕ್ಕೆ ಬಂದದ್ದು. ‘ಬಂದಳು’ ಎನ್ನಲು ‘ಆಲೀ’ ಎಂದು ಬರೆಯಬೇಕಿತ್ತು. ನಾನು ‘ಆಲಾ’, ಎಂದರೆ ‘ಬಂದನು’, ಎಂದು ಬರೆದೆ. ಮೀಸೆ ಒಂದು ಬಿಟ್ಟು ಉಳಿದದ್ದೆಲ್ಲ ಆ ನಟಿಗೆ ಕೊಟ್ಟಂತಾಯಿತು. ಪುಣ್ಯಕ್ಕೆ ಅಚ್ಚಿಗೆ ಹೋಗುವ ಮೊದಲು ಸಾಹೇಬರ ಕೆಂಪು ಪೆನ್ನಿಗೆ ಅದು ಸಿಕ್ಕಿತು. ಅವರು ನನ್ನನ್ನು ಕರೆದು ಪಾಠ ಶುರು ಮಾಡಿದರು.

"ನೋಡ ಸುನಂದಾ, ಟ್ರಕ್ ಬಂದ್ರ ‘ಆಲಾ’. ಬಸ್ ಬಂದ್ರ ‘ಆಲೀ’."

"ಎರಡೂ ಗಾಲೀ ಮ್ಯಾಲೇ ಓಡ್ತಾವಲ್ರಿ ಸರ್? ಟ್ರಕ್ ಗಂಡಸು ಅಂತ ಯಾರ ನೋಡಿ ಹೇಳಿದ್ರು?"

ಸಾಹೇಬರು ಕನ್ನಡಕ ತೆಗೆದು ನಗಲು ಶುರು ಮಾಡಿದವರು ಕಣ್ಣೊರೆಸಿಕೊಳ್ಳುವವರೆಗೂ ನಕ್ಕರು. ಆ ಕರಡು ಒಂದು ವಾರ ಸೂಚನಾ ಫಲಕದ ಮೇಲಿತ್ತು. ನಾನು ಸಂಜೆ ಮನೆಗೆ ಹೋಗಿ ಅತ್ತುಬಿಟ್ಟೆ. ಮರುದಿನದಿಂದ ಬಸ್ಸಿನಲ್ಲಿ ಕಿಟಕಿಯಾಚೆ ಕಾಣುವ ಪ್ರತಿ ವಸ್ತುವನ್ನೂ ‘ಆಲಾ’, ‘ಆಲೀ’ ಎಂದು ಬಾಯಲ್ಲೇ ಎಣಿಸುತ್ತ ಹೋಗತೊಡಗಿದೆ. ಪಕ್ಕದಲ್ಲಿ ಕೂತವರು ಜಪವೆಂದು ತಿಳಿದಿರಬೇಕು.

ಸಾಹೇಬರಿಗೆ ಒಂದು ಹಟವಿತ್ತು. ಫೋಟೋದಲ್ಲಿ ಮುಖ ಸ್ಪಷ್ಟವಾಗಿ ಕಂಡರೆ ಹೆಸರು ಬೇಕೇ ಬೇಕು. "ಮತ್ತು ಇತರರು" ಎಂದು ಬರೆದರೆ ಕರಡನ್ನು ಹಿಂದಕ್ಕೆ ಎಸೆಯುತ್ತಿದ್ದರು. "ಇತರರು ಅನ್ನೋ ಹೆಸರಿನ ಮನಿತನ ಯಾವ ಊರಾಗೂ ಇಲ್ಲ" ಎನ್ನುತ್ತಿದ್ದರು. ಮಂತ್ರಿಗಳ ಹಿಂದೆ ಹೂಮಾಲೆ ಹಿಡಿದು ನಿಂತವರ ಹೆಸರಿಗಾಗಿ ನಾನು ಮಾಡಿದ ಫೋನುಗಳಿಗೆ ಲೆಕ್ಕವಿಲ್ಲ.

ಅಚ್ಚಾಗಿ ಊರಿಗೆಲ್ಲ ಹಂಚಿಹೋದ ತಪ್ಪಿನ ಕಥೆ ಇನ್ನೊಂದು. ನೆಗೆಟಿವ್ ಪಟ್ಟಿಗೆ ಒಂದು ಹೊಳೆಯುವ ಬದಿ, ಒಂದು ಮಸುಕು ಬದಿ. ತಿರುಗಿಸಿ ಇಟ್ಟರೆ ಎಡ ಬಲವಾಗುತ್ತದೆ. ಆ ವರ್ಷದ ಅತಿ ದೊಡ್ಡ ಶತಕ ಹೊಡೆದ ಬಲಗೈ ಆಟಗಾರನನ್ನು ನಾನು ಡಿಸೆಂಬರ್ ಪುಟದ ನಡುಮಧ್ಯೆ ಎಡಗೈ ಆಟಗಾರನನ್ನಾಗಿ ನಿಲ್ಲಿಸಿದೆ. ಬಿಳಿ ಬಟ್ಟೆ, ಬೆನ್ನ ಮೇಲೆ ಹೆಸರಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ. ಓದುಗರ ಕಣ್ಣಿಗೆ ಮಾತ್ರ ಬಿತ್ತು. ಬೆಳಿಗ್ಗೆ ಹತ್ತಕ್ಕೆ ನಾನು ಕಚೇರಿಗೆ ಬಂದಾಗ ಫೋನು ಕೆಳಗಿಡಲು ಬಿಡುವಿಲ್ಲ. ಹನ್ನೊಂದಕ್ಕೆ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು, ಕರಿ ಟೋಪಿ, ಕೈಯಲ್ಲಿ ಕೊಡೆ, ನೇರ ನನ್ನ ಮೇಜಿಗೆ ಬಂದು ಚೀಲದಿಂದ ಒಂದು ಕೈಗನ್ನಡಿ ತೆಗೆದರು. ಪತ್ರಿಕೆಯನ್ನು ಬಿಚ್ಚಿ ಅದರ ಮುಂದೆ ಹಿಡಿದರು.

"ಆತಾ ಬರೋಬರ" ಎಂದರು. ಈಗ ಸರಿಯಾಯಿತು, ಎಂದು. "ನಾಳೆಯಿಂದ ಪತ್ರಿಕೆಯ ಜೊತಿಗೆ ಒಂದೊಂದ ಕನ್ನಡೀನೂ ಕಳಸ್ರಿ."

ಆಪಟೆ ಸಾಹೇಬರು ಎದ್ದು ಬಂದು, "ತಪ್ಪು ನಂದು ಗುರುಜಿ" ಎಂದು ಕೈಮುಗಿದರು. ನನ್ನತ್ತ ತಿರುಗಿಯೂ ನೋಡಲಿಲ್ಲ. ಗುರುಜಿ ಹೋದ ಮೇಲೆ ಸಾಹೇಬರು ನನಗೆ ಹೇಳಿದ್ದು ಇಷ್ಟೇ: "ನೀ ಒಪ್ಪಿಕೊಂಡಿದ್ರ ಅವರು ನಿನಗ ಬೈತಿದ್ರು. ನನಗ ಬೈಯೋದಕ್ಕ ಅವರಿಗೆ ನಾಚಿಕಿ ಬರ್ತದ, ನಾ ಅವರ ವಿದ್ಯಾರ್ಥಿ."

ಇದರ ಮುಂದಿನ ಭಾಗ ಇನ್ನೂ ಚೆನ್ನಾಗಿದೆ. ನಮ್ಮ ಫೋಟೋಗ್ರಾಫರ್ ಇಕ್ಬಾಲ್ ಭಾಯಿ ಕೆಲವು ತಿಂಗಳ ನಂತರ ಅದೇ ಆಟಗಾರನ ಅಭ್ಯಾಸದ ಫೋಟೋ ತೆಗೆಯಲು ಹೋಗಿದ್ದರು. ಪತ್ರಿಕೆಯ ಹೆಸರು ಕೇಳಿದ್ದೇ ಆತ ನಕ್ಕು, "ಓ, ನೀವಾ!" ಎಂದು ಬ್ಯಾಟನ್ನು ಎಡಕ್ಕೆ ಹಿಡಿದು ನಿಂತು ಒಂದು ಚೆಂಡು ಎದುರಿಸಿ ಕೊಟ್ಟನಂತೆ. "ಈಗ ತಗೊಳ್ಳಿ. ತಿರುಗಿಸಬೇಡಿ." ಆ ಫೋಟೋವನ್ನು ನಾನು ಕುಣಿಯುತ್ತಲೇ ಸಾಹೇಬರ ಮುಂದಿಟ್ಟೆ. ಅವರು ಹೌಹಾರಿದರು. "ಬ್ಯಾಡ ಬ್ಯಾಡ, ಗುರುಜಿ ಮತ್ತ ಬರ್ತಾರ!"

ತೀರಿಕೊಂಡವರ ಪಟ್ಟಿ ಆ ಪುಟದ ಅತ್ಯಂತ ಭಾರದ ಮೂಲೆ. ಹೆಸರು, ತಾರೀಖು ತಪ್ಪಿದರೆ ಮನೆಯವರ ಮನಸ್ಸು ನೋಯುತ್ತದೆ. ಒಂದು ವರ್ಷ ಆ ಪಟ್ಟಿಯಲ್ಲಿ ಸಂಗೀತ ನಾಟಕಗಳ ಒಬ್ಬ ಹಿರಿಯ ನಟರಿದ್ದರು. ಊರೆಲ್ಲ ಅವರನ್ನು ಬುವಾ ಎನ್ನುತ್ತಿತ್ತು. ಯಾರೋ ವರದಿಗಾರರು ಹೆಸರು ಬರೆದುಕೊಟ್ಟಿದ್ದರು, ತಾರೀಖು ಬರೆದಿರಲಿಲ್ಲ. ನಾನು ಮನೆಗೇ ಫೋನ್ ಮಾಡಿದೆ. ಒಬ್ಬ ಗಂಡಸರು ಎತ್ತಿದರು. ದನಿ ತಗ್ಗಿಸಿ, ಕ್ಷಮೆ ಕೇಳಿ, ಬುವಾ ತೀರಿಕೊಂಡ ತಾರೀಖು ಯಾವುದೆಂದು ಮರಾಠಿಯಲ್ಲಿ ಕೇಳಿದೆ.

ನನ್ನ ಮರಾಠಿಯ ರಾಗ ಅವರ ಕಿವಿಗೆ ಸಿಕ್ಕಿರಬೇಕು. ಅಚ್ಚ ಕನ್ನಡದಲ್ಲಿ ಕೇಳಿದರು, "ನೀ ಧಾರವಾಡ ಕಡೆಯಾಕಿ ಏನವಾ?"

"ಹೌದ್ರಿ."

"ತಡಿ, ಕೇಳಿ ಹೇಳ್ತೀನಿ." ಫೋನನ್ನು ಪಕ್ಕಕ್ಕಿಟ್ಟು ಒಳಗೆ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಏ ಕಮಲಾ! ನಾ ಯಾವತ್ತ ಹೋದೆ?"

ಒಳಗಿನಿಂದ ಹೆಂಗಸಿನ ದನಿ: "ಎಲ್ಲಿಗಿ? ಮುಂಜಾನಿಂದ ಮನ್ಯಾಗ ಅದೀರಲ್ಲ!"

ಫೋನು ಎತ್ತಿದ್ದು ಬುವಾ ಅವರೇ ಎಂದು ಆಗ ತಿಳಿಯಿತು. ಫೋನು ಇಟ್ಟುಬಿಡಬೇಕೆಂದಾಗ ಅವರೇ ಮತ್ತೆ ಬಂದರು. "ಹೋಗಿಲ್ಲಂತ ನೋಡು. ಮನ್ಯಾಕಿ ಹೇಳಿದ ಮ್ಯಾಲೆ ಖರೇನ ಇರಬೇಕು. ನಾಳೆ ಚಹಾಕ್ಕ ಬಾ. ಖಾತ್ರಿ ಮಾಡ್ಕೊಂಡ ಹೋಗು."

ಅವರು ಬೆಳಗಾವಿ ಕಡೆಯವರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮರುದಿನ ಇಕ್ಬಾಲ್ ಭಾಯಿಯನ್ನು ಕರೆದುಕೊಂಡು ಹೋದೆ. ಕಮಲಾಬಾಯಿ ಒಗ್ಗರಣೆ ಚುರುಮುರಿ ಕೊಟ್ಟರು. ಬುವಾ ಸಾಸರಿನಲ್ಲಿ ಚಹಾ ಸುರಿದುಕೊಂಡು, ಸ್ತ್ರೀ ಪಾತ್ರ ಮಾಡುತ್ತಿದ್ದ ಕಾಲದಲ್ಲಿ ಸೀರೆ ಜಾರಿ ಬಿದ್ದದ್ದನ್ನು ಅಭಿನಯಿಸಿ ತೋರಿಸಿದರು. ಆ ವರ್ಷ ಅವರಿಗೆ ಎಂಬತ್ತು ತುಂಬಿತ್ತು. ತೀರಿಕೊಂಡವರ ಪಟ್ಟಿಯಿಂದ ಎತ್ತಿ ಸಾಹೇಬರು ಅವರನ್ನು ಪುಟದ ಮೇಲ್ಭಾಗಕ್ಕೆ ಹಾಕಿದರು: ಸಾಸರ್ ಹಿಡಿದು ನಗುವ ಮುಖ. ಅಂದಿನಿಂದ ಪ್ರತಿ ಡಿಸೆಂಬರ್‌ನಲ್ಲೂ ಬುವಾ ಫೋನ್ ಮಾಡುವರು. "ಸುನಂದಾ, ಈ ವರ್ಷ ನಾ ಯಾವ ಪಟ್ಟಿಯೊಳಗ ಅದೀನಿ?"

ಎಷ್ಟೋ ವರ್ಷಗಳ ನಂತರ ಒಂದು ಡಿಸೆಂಬರ್‌ನಲ್ಲಿ ಆ ಫೋನು ಬರಲಿಲ್ಲ. ತಾರೀಖು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಂತ್ಯಯಾತ್ರೆಯಲ್ಲಿ ಕಮಲಾಬಾಯಿಯ ಕೈ ಹಿಡಿದು ನಡೆದವಳು ನಾನೇ.

ಆಪಟೆ ಸಾಹೇಬರು ನಿವೃತ್ತರಾದರು. ನೆಗೆಟಿವ್ ಹೋಯಿತು, ಅದನ್ನು ನೋಡುವ ದೀಪದ ಮೇಜೂ ಹೋಯಿತು. ಫೋಟೋಗಳು ಕಂಪ್ಯೂಟರಿನೊಳಗೆ ಸೇರಿದವು. ಹಳೆಯದೇ ಚೆಂದವಿತ್ತು ಎಂದು ನಾನು ಹೇಳುವುದಿಲ್ಲ. ಮೂರು ದಿನ ಧೂಳು ಕುಡಿದು ಹುಡುಕುತ್ತಿದ್ದ ಫೋಟೋ ಮೂರು ಗಳಿಗೆಯಲ್ಲಿ ಸಿಗುವಾಗ ನನ್ನ ಬೆನ್ನುನೋವು ಹೋದದ್ದು ಸುಳ್ಳಲ್ಲ. ಆದರೆ ಡಿಸೆಂಬರ್ ಪುಟದ ಪಟ್ಟಿಯನ್ನೂ ಕಂಪ್ಯೂಟರೇ ಕೊಡತೊಡಗಿತು. ಜನ ಯಾವುದನ್ನು ಹೆಚ್ಚು ಸಲ ಒತ್ತಿ ನೋಡಿದರೋ ಅದು ಮೇಲೆ. ಒಂದು ವರ್ಷ ಆ ಪಟ್ಟಿಯ ಮೊದಲ ಸ್ಥಾನದಲ್ಲಿ ಒಬ್ಬ ನಟನ ನಾಯಿಯಿತ್ತು. ನಾಯಿಯ ಹೆಸರನ್ನೂ ಫೋನ್ ಮಾಡಿ ಖಚಿತಪಡಿಸಿಕೊಂಡೆ.

ಈಗ ನನ್ನ ಕೊನೆಯ ಡಿಸೆಂಬರ್‌ಗೆ ಬರುತ್ತೇನೆ. ಆಗ ನಮ್ಮ ಮುಖ್ಯಸ್ಥೆ ಮೃಣಾಲ್, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಜಾಣೆ, ಸದಾ ಅವಸರ. ಆ ವರ್ಷ ಪಟ್ಟಿಯ ಮೊದಲ ಸ್ಥಾನದಲ್ಲಿದ್ದದ್ದು ನಮ್ಮದೇ ಇಕ್ಬಾಲ್ ಭಾಯಿ ತೆಗೆದ ಫೋಟೋ. ಯೆರವಡಾ ಕಡೆ ಒಂದು ದೊಡ್ಡ ವಸತಿ ಸಂಕೀರ್ಣದ ಉದ್ಘಾಟನೆಗೆ ದೇಶಕ್ಕೆಲ್ಲ ಗೊತ್ತಿರುವ ಒಬ್ಬ ಸಿನಿಮಾ ನಟಿ ಬಂದಿದ್ದಳು. ವೇದಿಕೆಗೆ ಹೋಗುವ ದಾರಿಯಲ್ಲಿ ಆಕೆಯ ಎತ್ತರದ ಹಿಮ್ಮಡಿಯ ಚಪ್ಪಲಿ ಇನ್ನೂ ಹಸಿಯಿದ್ದ ಸಿಮೆಂಟಿನಲ್ಲಿ ಹೂತುಹೋಯಿತು. ಸುತ್ತ ಕೋಟು ಹಾಕಿದವರು ಗಾಬರಿಯಿಂದ ನೋಡುತ್ತ ನಿಂತರು. ಬದಿಯಲ್ಲಿ ನಿಂತಿದ್ದ ಒಬ್ಬ ಕೆಲಸದ ಹೆಂಗಸು ಬಂದು ಮಂಡಿಯೂರಿ, ನಟಿಯ ಕಾಲು ಹಿಡಿದು ಎಳೆದಳು. ಕಾಲು ಬಂತು, ಚಪ್ಪಲಿಯ ಹಿಮ್ಮಡಿ ಮುರಿಯಿತು. ಆ ಹೆಂಗಸು ತನ್ನ ರಬ್ಬರ್ ಚಪ್ಪಲಿ ಬಿಚ್ಚಿ ನಟಿಯ ಮುಂದಿಟ್ಟಳು. ಜರಿ ಸೀರೆಯ ಕೆಳಗೆ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಹಾಕಿಕೊಂಡ ನಟಿ ಬಿದ್ದು ಬಿದ್ದು ನಗುತ್ತ ಆಕೆಯ ಹೆಗಲು ಹಿಡಿದಳು. ಇಬ್ಬರೂ ಬಾಯ್ತುಂಬ ನಗುವ ಆ ಗಳಿಗೆ ಫೋಟೋದಲ್ಲಿತ್ತು. ಊರೂರಿನ ಮಂದಿಯ ಫೋನಿನಲ್ಲಿ ಅದು ಓಡಾಡಿತು. ಎಲ್ಲೆಡೆ ಒಂದೇ ಅಡಿಬರಹ: ನಟಿಯ ಹೆಸರು, ಮತ್ತು ‘ಕಾರ್ಮಿಕ ಮಹಿಳೆ’.

"ಈಕಿ ಹೆಸರು?" ಎಂದು ಮೃಣಾಲ್‌ಳನ್ನು ಕೇಳಿದೆ.

"ಸುನಂದಾಬಾಯಿ, ಆರು ತಿಂಗಳಿಂದ ಯಾರೂ ಕೇಳಿಲ್ಲ. ಈಗ ಎಲ್ಲಿ ಹುಡುಕೋದು?"

"ಮೂವತ್ತು ವರ್ಷ ಹುಡುಕೀನಿ. ಇದೊಂದು ಕೊನೇದು."

ಅವಳು ಗಡಿಯಾರ ನೋಡಿದಳು, ನನ್ನ ಮುಖ ನೋಡಿದಳು. "ನಾಳೆ ಮಧ್ಯಾಹ್ನ ನಾಲ್ಕಕ್ಕೆ ಪುಟ ಹೋಗಬೇಕು. ಅಷ್ಟರೊಳಗೆ ಸಿಕ್ಕರೆ ಹೆಸರು. ಇಲ್ಲದಿದ್ದರೆ ಇದ್ದದ್ದೇ."

ನಾನು ಇಕ್ಬಾಲ್ ಭಾಯಿಯ ಬೆನ್ನು ಹತ್ತಿದೆ. ಹೆಸರು ಕೇಳುವಷ್ಟರಲ್ಲಿ ನೂಕುನುಗ್ಗಲಾಯಿತೆಂದು ಅವರು ಪೇಚಾಡಿದರು. "ಕಾಲು ಎಳೆಯುವಾಗ ಏನೋ ಅಂದಳು. ಮರಾಠಿ ಅಲ್ಲ. ತಡಿ ಯವ್ವಾ, ತಡಿ ಯವ್ವಾ ಅಂತ."

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅದು ನಮ್ಮ ಮಾತು.

ಮರುದಿನ ಬೆಳಿಗ್ಗೆ ಏಳಕ್ಕೆ ಯೆರವಡಾದಲ್ಲಿ ದಿನಗೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ನಾಕಾದಲ್ಲಿದ್ದೆ. ಸಲಿಕೆ, ಬುಟ್ಟಿ, ಊಟದ ಡಬ್ಬಿ ಹಿಡಿದ ನೂರಾರು ಮಂದಿ. ಕಿವಿಗೆ ಬೀಳುವುದರಲ್ಲಿ ಅರ್ಧ ಕನ್ನಡ. ಫೋಟೋ ತೋರಿಸುತ್ತ ಹೋದೆ. ಮೊದಮೊದಲು ಎಲ್ಲರೂ ನೋಡಿ ತಲೆಯಾಡಿಸಿ ಪಕ್ಕಕ್ಕೆ ಸರಿದರು. ನಾನು ಪೊಲೀಸು ಕಚೇರಿಯವಳೋ, ಗುತ್ತೇದಾರನ ಕಡೆಯವಳೋ ಎಂಬ ಅನುಮಾನ ಅವರ ಮುಖದಲ್ಲಿತ್ತು. ತಲೆಗೆ ಟವೆಲು ಸುತ್ತಿದ್ದ ಒಬ್ಬ ಮೇಸ್ತ್ರಿಯ ಹತ್ತಿರ, "ಅಣ್ಣಾ, ನಾ ಧಾರವಾಡದಾಕಿ. ಈಕೀಗೆ ತೊಂದ್ರಿ ಕೊಡಾಕ ಬಂದಿಲ್ರಿ. ಹೆಸರ ಕೇಳಾಕ ಬಂದೀನಿ" ಎಂದೆ.

"ಬರೇ ಹೆಸರಾ?"

"ಬರೇ ಹೆಸರು."

ಆತ ಪಕ್ಕದವರ ಮುಖ ನೋಡಿ ಆಮೇಲೆ ಹೇಳಿದ. "ನಮ್ಮ ಯಾದಗಿರಿ ಕಡೀ ದ್ಯಾವಮ್ಮರೀ. ಈಗ ಮಾರ್ಕೆಟ್ ಯಾರ್ಡಿನಾಗ ಉಳ್ಳಾಗಡ್ಡಿ ಆರಸ್ತಾಳ."

ರಿಕ್ಷಾ ಹಿಡಿದು ಊರಿನ ಆ ತುದಿಯಿಂದ ಈ ತುದಿಗೆ ಬಂದೆ. ಲಾರಿಗಳ ಸಂದಿಯಲ್ಲಿ, ಮೂಟೆಗಳ ಗೋಡೆಯಾಚೆ, ಈರುಳ್ಳಿ ಗುಡ್ಡೆಯ ಸುತ್ತ ಏಳೆಂಟು ಹೆಂಗಸರು ಕೂತಿದ್ದರು. ಫೋಟೋದಲ್ಲಿದ್ದಂತೆ ನಗುತ್ತಿರಲಿಲ್ಲವಾದರೂ ಒಬ್ಬಳ ಮುಖ ಗುರುತು ಸಿಕ್ಕಿತು. ಹೆಸರು ಹಿಡಿದು ಕರೆದದ್ದೇ ಆಕೆ ಎದ್ದು ನಿಂತಳು. ಪತ್ರಿಕೆಯವಳೆಂದು ಕೇಳಿ ಹೆದರಿದಳು.

"ನಾ ಬೇಕಂತ ಅಕಿ ಕಾಲ ಮುಟ್ಟಿಲ್ರೀ. ಸಿಗಿಬಿದ್ದಿತ್ತು, ಎಳದೆ. ಅವತ್ತ ಸೂಪರ್‌ವೈಸರ್ ಅಂದ, ದೊಡ್ಡವರ ಮೈ ಮುಟ್ಟೀದಿ, ಚಪ್ಪಲಿ ಮುರದೀದಿ, ಕೇಸ್ ಆಗ್ತದ ಅಂತ. ಅದಕ್ಕ ಮತ್ತ ಆ ಕಡೀ ಹೋಗಲಿಲ್ಲ."

ಆರು ತಿಂಗಳು. ದೇಶವೆಲ್ಲ ಆ ಫೋಟೋ ನೋಡಿ ನಗುತ್ತಿದ್ದಾಗ ಈಕೆ ಪೊಲೀಸರಿಗೆ ಹೆದರಿ ಈ ಮೂಟೆಗಳ ನಡುವೆ ಅಡಗಿದ್ದಳು. ಫೋನಿನಲ್ಲಿ ಫೋಟೋ ತೆರೆದು ಅವಳ ಕೈಗೆ ಕೊಟ್ಟೆ.

"ಯಾವ ಕೇಸೂ ಇಲ್ಲವಾ. ನೋಡು, ಅಕಿ ಹೆಂಗ ನಗಾಕತ್ತಾಳ. ನಿನ್ನ ಹೆಗಲ ಹೆಂಗ ಹಿಡದಾಳ."

ದ್ಯಾವಮ್ಮ ಬಹಳ ಹೊತ್ತು ನೋಡಿದಳು. ಉಳಿದ ಹೆಂಗಸರು ಅವಳ ಹೆಗಲ ಮೇಲಿಂದ ಬಗ್ಗಿದರು. ನಿಧಾನಕ್ಕೆ ಅವಳ ಮುಖದಲ್ಲಿ ಫೋಟೋದಲ್ಲಿದ್ದದ್ದೇ ನಗು ಬಂತು.

"ನನ್ನ ಚಪ್ಪಲಿ ಒಯ್ದೇ ಬಿಟ್ಟಳ ನೋಡ್ರಿ ಅಕಿ!"

ಎಲ್ಲರೂ ಹೋ ಎಂದು ನಕ್ಕರು. ನಾನು ಅವಳ ಹೆಸರು, ಊರು ಕೇಳಿ ಬರೆದುಕೊಂಡು, ಓದಿ ತೋರಿಸಿದೆ. ಆಮೇಲೆ ಅವಳು ಕೇಳಿದಳು, "ಅಕಿ ಯಾರ್ರೀ?"

"ಯಾರು?"

"ಈ ಚಪ್ಪಲಿಯಾಕಿ."

ನಾನು ನಟಿಯ ಹೆಸರು ಹೇಳಿದೆ. ದ್ಯಾವಮ್ಮ ಎಂದೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿ, "ಅಕಿ ಹೆಸರೂ ಬರೀರಿ ಪಾಪ. ಚಲೋ ಹುಡುಗಿ" ಎಂದಳು.

ಮೂರೂವರೆಗೆ ನಾನು ಏದುಸಿರು ಬಿಡುತ್ತ ಕಚೇರಿಗೆ ಬಂದೆ. ಫೋಟೋದಲ್ಲಿ ದ್ಯಾವಮ್ಮ ಎಡಕ್ಕಿದ್ದಳು. ಎಡದಿಂದ ಬಲಕ್ಕೆ ಹೆಸರು ಬರೆಯುವುದು ವಾಡಿಕೆ. ಮೃಣಾಲ್ ಓದಿದಳು, ಮತ್ತೊಮ್ಮೆ ಓದಿದಳು. ನಟಿಯ ಹೆಸರು ಎರಡನೆಯದಾದದ್ದಕ್ಕೆ ಏನಾದರೂ ಹೇಳುವಳೆಂದು ನಿಂತಿದ್ದೆ. ಅವಳು ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು. ಆಮೇಲೆ ಅಡಿಬರಹದ ಅಕ್ಷರವನ್ನು ಒಂದು ಅಳತೆ ದೊಡ್ಡದು ಮಾಡಿದಳು.

ಪುಟ ಬಂದ ದಿನವೇ ನನ್ನ ಕೊನೆಯ ದಿನ. ಹಾರ, ಶಾಲು, ಭಾಷಣ ಎಲ್ಲ ಮಧ್ಯಾಹ್ನಕ್ಕಿತ್ತು. ಬೆಳಿಗ್ಗೆ ಹತ್ತು ಪ್ರತಿ ಚೀಲಕ್ಕೆ ಹಾಕಿಕೊಂಡು ಮಾರ್ಕೆಟ್ ಯಾರ್ಡಿಗೆ ಹೋದೆ. ದ್ಯಾವಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಟವನ್ನು ಹಿಡಿದಳು. ಮರಾಠಿ ಅಡಿಬರಹವನ್ನು ನಾನು ಕನ್ನಡದಲ್ಲಿ ಓದಿ ಹೇಳಿದೆ. "ಇನ್ನೊಮ್ಮೆ" ಎಂದಳು. ಓದಿದೆ. ಆಮೇಲೆ ಉಳಿದವರು, "ಮತ್ತೇನೇನ ಆತ್ರೀ ಈ ವರ್ಷ?" ಎಂದು ಬೆರಳಿಟ್ಟು ತೋರಿಸತೊಡಗಿದರು. ಇಡೀ ಪುಟ ಓದಿದೆ. ಒಬ್ಬ ನಾಯಕ ಸೋತು ಅತ್ತ ಫೋಟೋಗೆ, "ಅಳಲಿ ಬಿಡ್ರಿ, ಹಗುರ ಆಗ್ತದ" ಎಂದರು. ನಟನ ಮದುವೆಯ ಫೋಟೋ ನೋಡಿ, ವಧುವಿಗೆ ಕುಂಕುಮ ಸಣ್ಣದಾಯಿತೆಂದರು. ಕಪ್ ಗೆದ್ದ ತಂಡದ ಹುಡುಗಿಯರ ಫೋಟೋಗೆ ಸೀಟಿ ಹೊಡೆದವಳು ಆ ಗುಂಪಿನ ಅತಿ ಹಿರಿಯಳು.

"ಮುಂದಿನ ವರ್ಷ ಯಾರದ ಹಾಕ್ತೀರಿ?" ದ್ಯಾವಮ್ಮ ಕೇಳಿದಳು.

"ಮುಂದಿನ ವರ್ಷ ನಾ ಇರಂಗಿಲ್ಲವಾ. ಇವತ್ತಿಗೆ ನನ್ನ ಕೆಲಸ ಮುಗೀತು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಷ್ಟ ವರ್ಷ ಏನ್ ಕೆಲಸ ಮಾಡ್ತಿದ್ರಿ ನೀವು?"

"ಫೋಟೋ ಆರಸ್ತಿದ್ದೆ. ಒಳ್ಳೇದು ಯಾವುದು, ಬ್ಯಾಡಾದ್ದು ಯಾವುದು ಅಂತ."

"ಹಂಗಾರ ಕುಂದರ್ರಿ" ಎಂದು ಒಂದು ಗೋಣಿ ಹಾಸಿದಳು.

ಕೂತೆ. ಗಟ್ಟಿಯಾದವು ಈ ಕಡೆ, ಕೆಟ್ಟವು ಆ ಕಡೆ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕೈ ಓಡುತ್ತಿತ್ತು, ಎಲ್ಲರ ಮಾತು ಓಡುತ್ತಿತ್ತು. ಅರ್ಧ ಗಂಟೆಯಲ್ಲಿ ನನ್ನ ಮುಂದೆ ಒಂದು ಚೆಂದದ ಗುಡ್ಡೆ ಬಿತ್ತು. ದ್ಯಾವಮ್ಮ ಅದನ್ನೊಮ್ಮೆ ನೋಡಿ, ನಾನು ಒಳ್ಳೆಯದೆಂದು ಇಟ್ಟದ್ದರಿಂದ ಮೂರು ಎತ್ತಿ, ಬೆರಳಿನಿಂದ ಒತ್ತಿ ನೋಡಿ, ಆ ಕಡೆ ಎಸೆದಳು.

"ಮ್ಯಾಲೆ ಬಣ್ಣ ನೋಡ್ತೀರಿ ನೀವು" ಎಂದಳು. "ಒತ್ತಿ ನೋಡ್ಬೇಕು ಅಕ್ಕಾ."